ಆಸ್ಟಿನ್ ಸೆವೆನ್ ಸ್ಪೆಷಲ್

ಆಸ್ಟಿನ್ ಸೆವೆನ್ ಎಂಬ ಅಗ್ಗದ ಬ್ರಿಟಿಷ್ ಕಾರಿನ ಬಾಡಿಯನ್ನು ಕಿತ್ತುಹಾಕಿ, ಚಾಸಿ, ಎಂಜಿನ್, ಗೇರ್‌ಬಾಕ್ಸ್‌ಗಳನ್ನು ಉಳಿಸಿಕೊಂಡು ಹವ್ಯಾಸಿಗಳು ಕೈಯಾರೆ ಕಟ್ಟಿಕೊಂಡ ಸ್ಪರ್ಧಾ ಕಾರು. 1920ರ ದಶಕದಲ್ಲಿ ಶುರುವಾದ ಈ ಹವ್ಯಾಸ ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಹತ್ತು-ಹದಿನೈದು ವರ್ಷಗಳಲ್ಲಿ ಅತ್ಯಂತ ಬಿರುಸಾಗಿತ್ತು. ಮಿನಿ ಕಾರಿನ ವಿನ್ಯಾಸಕ ಅಲೆಕ್ ಇಸಿಗೋನಿಸ್, ಲೋಟಸ್ ಕಂಪನಿಯ ಕಾಲಿನ್ ಚಾಪ್ಮನ್, ಮೆಕ್ಲಾರೆನ್ ತಂಡದ ಸ್ಥಾಪಕ ಬ್ರೂಸ್ ಮೆಕ್ಲಾರೆನ್ ಈ ಮೂವರೂ ಎಳೆಯ ವಯಸ್ಸಿನಲ್ಲಿ ಕೈ ಮಸಿ ಮಾಡಿಕೊಂಡು ಕೆಲಸ ಕಲಿತದ್ದು ಇದೇ ಪುಟ್ಟ ಕಾರಿನ ಮೇಲೆ. ಬ್ರಿಟನ್ನಿನ ರೇಸಿಂಗ್ ಉದ್ಯಮದ ಬೇರು ಹುಡುಕುವವರು ದೊಡ್ಡ ಕಾರ್ಖಾನೆಗಳಿಗೆ ಹೋಗುವ ಮೊದಲು ಈ ಹಿತ್ತಲ ಗ್ಯಾರೇಜುಗಳನ್ನು ನೋಡಬೇಕು.

ಮೂಲ ಕಾರು ಹುಟ್ಟಿದ್ದು ಕಷ್ಟಕಾಲದಲ್ಲಿ. ಮೊದಲ ಮಹಾಯುದ್ಧದ ನಂತರ ಹರ್ಬರ್ಟ್ ಆಸ್ಟಿನ್ ಅವರ ಕಂಪನಿ ಸಾಲದಲ್ಲಿ ಮುಳುಗಿತ್ತು. ಮೋಟಾರ್‌ಸೈಕಲ್ಲಿಗೆ ಸೈಡ್‌ಕಾರ್ ಜೋಡಿಸಿಕೊಂಡು ಸಂಸಾರ ಸಾಗಿಸುತ್ತಿದ್ದ ಮಧ್ಯಮ ವರ್ಗದವರಿಗೆ ಅದೇ ಖರ್ಚಿನಲ್ಲಿ ನಿಜವಾದ ಕಾರು ಕೊಡಬೇಕು ಎಂಬುದು ಅವರ ಲೆಕ್ಕಾಚಾರ. ಕಂಪನಿಯ ನಿರ್ದೇಶಕರು ಒಪ್ಪಲಿಲ್ಲ. ಆಸ್ಟಿನ್ ಹದಿನೆಂಟರ ಹರೆಯದ ಸ್ಟಾನ್ಲಿ ಎಡ್ಜ್ ಎಂಬ ನಕ್ಷೆಗಾರನನ್ನು ಲಿಕಿ ಗ್ರೇಂಜ್ ಎಂಬ ತಮ್ಮ ಮನೆಗೇ ಕರೆಸಿಕೊಂಡು, ಅಲ್ಲಿನ ಬಿಲಿಯರ್ಡ್ಸ್ ಕೋಣೆಯಲ್ಲಿ ನಕ್ಷೆ ಬರೆಸಿದರು. ಎಂಜಿನ್ನಿಗೆ ನಾಲ್ಕು ಸಿಲಿಂಡರ್ ಇರಲಿ ಎಂದು ಪಟ್ಟು ಹಿಡಿದವನು ಆ ಹುಡುಗನೇ. 1922ರಲ್ಲಿ ಕಾರು ಹೊರಬಂತು. ಮೊದಲು 696 ಸಿಸಿ ಇದ್ದ ಎಂಜಿನ್ ಸ್ವಲ್ಪ ಕಾಲದಲ್ಲೇ 747 ಸಿಸಿ ಆಯಿತು. ಶಕ್ತಿ ಸುಮಾರು 10 ಅಶ್ವಶಕ್ತಿ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ 2 ಮೀಟರ್ ಕೂಡ ಇರಲಿಲ್ಲ. 1939ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಸುಮಾರು 2,90,000 ಕಾರುಗಳು ಕಾರ್ಖಾನೆಯಿಂದ ಹೊರಬಿದ್ದಿದ್ದವು. ಜರ್ಮನಿಯಲ್ಲಿ ಡಿಕ್ಸಿ ಎಂಬ ಹೆಸರಿನಲ್ಲಿ ಪರವಾನಗಿ ಪಡೆದು ತಯಾರಾಗುತ್ತಿದ್ದ ಇದೇ ಕಾರು 1928ರಲ್ಲಿ ಬಿಎಂಡಬ್ಲ್ಯು ಕೈಸೇರಿತು. ಆ ಕಂಪನಿ ಮಾರಿದ ಮೊದಲ ಕಾರು ಅದು.

ಇಷ್ಟು ಚಿಕ್ಕ ಕಾರು ಪಂದ್ಯಕ್ಕೆ ಇಳಿದದ್ದು ಹುಟ್ಟಿದ ಮರುವರ್ಷವೇ. 1923ರಲ್ಲಿ ಇಟಲಿಯ ಮೊಂಜಾದಲ್ಲಿ ನಡೆದ, ಸೈಕಲ್‌ಕಾರ್ ಎಂಬ ಹಗುರ ಕಾರುಗಳ ಗ್ರ್ಯಾನ್ ಪ್ರಿಯನ್ನು ಆಸ್ಟಿನ್ನರ ಅಳಿಯ ಆರ್ಥರ್ ವೇಟ್ ಗೆದ್ದರು. 1929ರ ಅಲ್ಸ್ಟರ್ ಟಿಟಿ ಪಂದ್ಯದಲ್ಲಿ ಆರ್ಚಿ ಫ್ರೇಜರ್-ನ್ಯಾಶ್ ಸೂಪರ್‌ಚಾರ್ಜರ್ ಹಾಕಿದ ಸೆವೆನ್‌ನಲ್ಲಿ ಮೂರನೆಯವರಾಗಿ ಬಂದ ಮೇಲೆ, ಕಂಪನಿಯ ಸ್ಪೋರ್ಟ್ಸ್ ಮಾದರಿಗೆ ಅಲ್ಸ್ಟರ್ ಎಂಬ ಹೆಸರೇ ನಿಂತಿತು. ಕಾರ್ಖಾನೆಯ ಈ ಗೆಲುವುಗಳಿಂದ ಹವ್ಯಾಸಿಗಳಿಗೆ ಆದ ಲಾಭ ಒಂದೇ: ಈ ಎಂಜಿನ್ನಿನಿಂದ ಇನ್ನೂ ಎಷ್ಟೋ ಹಿಂಡಬಹುದು ಎಂಬುದು ಗೊತ್ತಾಯಿತು.

ಆ ಕಾಲದ ಹವ್ಯಾಸಿಗಳ ಕೆಲಸದಲ್ಲಿ ಅತ್ಯಂತ ಮುಂದಾಲೋಚನೆಯದು ಇಸಿಗೋನಿಸ್ ಮತ್ತು ಅವರ ಗೆಳೆಯ ಜಾರ್ಜ್ ಡೌಸನ್ ಕಟ್ಟಿದ ಲೈಟ್‌ವೇಟ್ ಸ್ಪೆಷಲ್. 1933ರಲ್ಲಿ ಶುರುಮಾಡಿದ ಕಾರು ಓಡಿದ್ದು 1938ರಲ್ಲಿ. ಕೈಯಲ್ಲಿ ದುಡ್ಡಿಲ್ಲದ್ದರಿಂದ ಹೆಚ್ಚಿನ ಕೆಲಸ ಯಂತ್ರಗಳಿಲ್ಲದೆ ಕೈ ಉಪಕರಣಗಳಲ್ಲೇ ನಡೆಯಿತು. ಪ್ಲೈವುಡ್ಡಿಗೆ ಅಲ್ಯೂಮಿನಿಯಂ ತಗಡು ಅಂಟಿಸಿ, ಬಾಡಿಯೇ ಭಾರ ಹೊರುವಂತೆ ಮಾಡಿದ್ದರು. ಸ್ಪ್ರಿಂಗಿನ ಬದಲು ರಬ್ಬರ್ ಬಳಸಿದ್ದರು. 1959ರಲ್ಲಿ ಇಸಿಗೋನಿಸ್ ರೂಪಿಸಿದ ಮಿನಿ ರಸ್ತೆಗಿಳಿದಾಗ ಅದರ ಸಸ್ಪೆನ್ಷನ್ನಿನಲ್ಲೂ ರಬ್ಬರ್ ಇತ್ತು.

ಯುದ್ಧದ ನಂತರ ಪರಿಸ್ಥಿತಿ ಬದಲಾಯಿತು. ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕ್ 1939ರಲ್ಲೇ ಮುಚ್ಚಿತ್ತು, ಪೆಟ್ರೋಲಿಗೆ ರೇಷನ್ ಇತ್ತು, ಹೊಸ ಕಾರುಗಳು ರಫ್ತಿಗೆ ಹೋಗುತ್ತಿದ್ದವು. ಆದರೆ ದೇಶದ ತುಂಬ ಎರಡು ವಸ್ತುಗಳಿಗೆ ಬರವಿರಲಿಲ್ಲ: ವಾಯುಪಡೆ ಬಿಟ್ಟುಹೋದ ವಿಮಾನಗಳ ರನ್‌ವೇಗಳು ಮತ್ತು ಗುಜರಿ ಸೇರಲು ಕಾದಿದ್ದ ಹಳೆಯ ಆಸ್ಟಿನ್ ಸೆವೆನ್‌ಗಳು. ಮೊದಲನೆಯದರಲ್ಲಿ ಸಿಲ್ವರ್‌ಸ್ಟೋನ್‌ನಂಥ ರೇಸ್ ಟ್ರ್ಯಾಕುಗಳು ಹುಟ್ಟಿಕೊಂಡವು. ಎರಡನೆಯದು ಕೆಲವೇ ಪೌಂಡುಗಳಿಗೆ ಸಿಗುತ್ತಿತ್ತು. ಯುದ್ಧದಿಂದ ಮರಳಿದ ತರುಣರಲ್ಲಿ ಎಂಜಿನ್ ಬಿಚ್ಚಿ ಜೋಡಿಸಬಲ್ಲವರಿಗೂ ಕೊರತೆಯಿರಲಿಲ್ಲ.

ಇವರನ್ನೆಲ್ಲ ಒಂದೆಡೆ ತಂದದ್ದು 750 ಮೋಟಾರ್ ಕ್ಲಬ್. ಮೋಟಾರ್ ಸ್ಪೋರ್ಟ್ ಪತ್ರಿಕೆಯ ಸಂಪಾದಕ ಬಿಲ್ ಬೋಡಿ ಅವರ ಪ್ರಯತ್ನದಿಂದ 1939ರಲ್ಲಿ ಹುಟ್ಟಿದ ಈ ಸಂಘಕ್ಕೆ ಯುದ್ಧಾನಂತರ ಜೀವ ತುಂಬಿದವರು ಹಾಲೆಂಡ್ ಬರ್ಕೆಟ್ ಎಂಬ ಪಶುವೈದ್ಯರು. ಅಗ್ಗದ ರೇಸಿಂಗ್ ಸಾಧ್ಯ ಎಂದು ಅವರು ಬಾಯಿಮಾತಿಗೆ ಹೇಳಿ ಕೂರಲಿಲ್ಲ. 1950ರ ಸುಮಾರಿಗೆ 750 ಫಾರ್ಮುಲಾ ಎಂಬ ನಿಯಮಾವಳಿಯೇ ಸಿದ್ಧವಾಯಿತು. ಚಾಸಿ ಆಸ್ಟಿನ್ ಸೆವೆನ್ನಿನದೇ ಆಗಿರಬೇಕು, ಎಂಜಿನ್ ಬ್ಲಾಕೂ ಅದರದೇ, ಸೂಪರ್‌ಚಾರ್ಜರ್ ಕೂಡದು. ಮಿಕ್ಕಂತೆ ಬುದ್ಧಿಗೆ ಕಡಿವಾಣವಿಲ್ಲ, ಕಿಸೆಗೆ ಮಾತ್ರ. ಕಾರು ಕಟ್ಟಿದವರನ್ನು ಎಲ್ಲರೂ ನೆನೆಯುತ್ತಾರೆ. ಈ ನಿಯಮ ಬರೆದವರ ಪಾತ್ರ ಅದಕ್ಕೇನೂ ಕಡಿಮೆಯದಲ್ಲ. ಎಲ್ಲರ ಕೈಗೂ ಒಂದೇ ದುರ್ಬಲ ಎಂಜಿನ್ ಕೊಟ್ಟು, ಯಾರು ಹೆಚ್ಚು ಯೋಚಿಸುತ್ತಾರೋ ಅವರು ಗೆಲ್ಲಲಿ ಎಂದು ಬಿಟ್ಟದ್ದರಿಂದಲೇ ಅಷ್ಟೊಂದು ಎಂಜಿನಿಯರುಗಳು ಅಲ್ಲಿ ತಯಾರಾದರು. ಬರ್ಕೆಟ್ 1963ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. 1951ರಿಂದ ಕ್ಲಬ್ ನಡೆಸಿಕೊಂಡು ಬಂದ ಆರು ಗಂಟೆಗಳ ರಿಲೇ ಪಂದ್ಯಕ್ಕೆ ಮುಂದೆ ಅವರ ಹೆಸರನ್ನೇ ಇಟ್ಟರು.

ಒಂದು ಸ್ಪೆಷಲ್ ಕಟ್ಟುವ ಕೆಲಸ ಹೇಗಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಸೆವೆನ್ನಿನ ಚಾಸಿ ಇಂಗ್ಲಿಷಿನ ‘ಎ’ ಅಕ್ಷರದ ಆಕಾರದ್ದು. ತುದಿಯಲ್ಲಿ ಅಡ್ಡಲಾಗಿ ಕೂತ ಒಂದೇ ಪಟ್ಟಾ ಸ್ಪ್ರಿಂಗು ಮುಂದಿನ ಆಕ್ಸಲನ್ನು ಹಿಡಿದಿರುತ್ತದೆ. ಎರಡು ಕಾಲುಗಳ ಕೊನೆಯಿಂದ ಚಾಚಿದ ಗಿಡ್ಡ ಸ್ಪ್ರಿಂಗುಗಳು ಹಿಂದಿನ ಆಕ್ಸಲನ್ನು. ಈ ಚೌಕಟ್ಟು ತಿರುವಿನಲ್ಲಿ ತಿರುಚಿಕೊಳ್ಳುತ್ತಿತ್ತು. ಹಾಗಾಗಿ ಮೊದಲ ಕೆಲಸ, ತೆರೆದ ಬಾಯಿಯ ಚಾನಲ್ಲಿಗೆ ಉಕ್ಕಿನ ಪಟ್ಟಿ ವೆಲ್ಡ್ ಮಾಡಿ ಅದನ್ನು ಮುಚ್ಚಿದ ಪೆಟ್ಟಿಗೆಯಂತೆ ಗಟ್ಟಿ ಮಾಡುವುದು. ನಂತರ ಕಾರನ್ನು ತಗ್ಗಿಸುವುದು: ಬಾಗಿದ ಸ್ಪ್ರಿಂಗುಗಳನ್ನು ಚಪ್ಪಟೆ ಮಾಡಿಸಿ, ಸಣ್ಣ ಚಕ್ರ ಹಾಕುತ್ತಿದ್ದರು. ಇದು ಬರಿಯ ನೋಟಕ್ಕಲ್ಲ. ಹಿಂದಿನ ಸ್ಪ್ರಿಂಗು ಬಾಗಿದ್ದಾಗ, ಬಾಡಿ ಒಂದು ಪಕ್ಕಕ್ಕೆ ವಾಲಿದ ಕೂಡಲೇ ಆಕ್ಸಲ್ ಓರೆಯಾಗಿ, ಹಿಂದಿನ ಚಕ್ರಗಳೇ ಕಾರನ್ನು ತಿರುಗಿಸಲು ಹೊರಡುತ್ತಿದ್ದವು. ಸ್ಪ್ರಿಂಗು ಚಪ್ಪಟೆಯಾದರೆ ಆ ಕಾಟ ಬಹುಪಾಲು ತಪ್ಪುತ್ತಿತ್ತು. ಮುಂದಿನ ಆಕ್ಸಲ್ ಅಡ್ಡಡ್ಡ ಓಲಾಡದಂತೆ ಒಂದು ಸರಳು ಬಿಗಿಯುತ್ತಿದ್ದರು. ಇನ್ನೂ ಧೈರ್ಯವಂತರು ಆಕ್ಸಲನ್ನು ನಟ್ಟನಡುವೆ ಕತ್ತರಿಸಿ, ಅಲ್ಲಿ ಕೀಲು ಕೂರಿಸಿ, ಎರಡೂ ಚಕ್ರ ಬೇರೆಬೇರೆಯಾಗಿ ಏರಿಳಿಯುವಂತೆ ಮಾಡಿದರು. ತಂತಿಯಿಂದ ಎಳೆಯುವ ಬ್ರೇಕಿನ ಮೇಲೆ ಯಾರಿಗೂ ನಂಬಿಕೆಯಿರಲಿಲ್ಲ. ಗುಜರಿಯಲ್ಲಿ ಸಿಕ್ಕ ಬೇರೆ ಕಾರಿನ ಹೈಡ್ರಾಲಿಕ್ ಬ್ರೇಕು ತಂದು ಜೋಡಿಸುವುದು ಸಾಮಾನ್ಯವಾಗಿತ್ತು.

ಎಂಜಿನ್ ಇನ್ನೂ ಕಠಿಣ. ಹೆಡ್ ಫೇಸಿಂಗ್ ಮಾಡಿಸಿ ಕಂಪ್ರೆಷನ್ ಏರಿಸುವುದು, ವಾಲ್ವಿಗೆ ಜೋಡಿ ಸ್ಪ್ರಿಂಗು, ಒಳ್ಳೆಯ ಕಾರ್ಬುರೇಟರ್ ಎಲ್ಲ ಸರಿ. ಆದರೆ 1936ರವರೆಗಿನ ಎಂಜಿನ್ನುಗಳಲ್ಲಿ ಕ್ರ್ಯಾಂಕ್‌ಶಾಫ್ಟಿಗೆ ಎರಡೇ ಬೇರಿಂಗು, ಎರಡು ತುದಿಗಳಲ್ಲಿ. ನಾಲ್ಕು ಪಿಸ್ಟನ್ನುಗಳ ಹೊಡೆತ ತಿನ್ನುವ ಶಾಫ್ಟಿಗೆ ನಡುವೆ ಆಸರೆಯೇ ಇಲ್ಲ. ವೇಗ ಏರಿದಂತೆ ಅದು ಬಾಗುತ್ತಿತ್ತು, ಕೊನೆಗೊಂದು ದಿನ ಮುರಿಯುತ್ತಿತ್ತು. ಎಣ್ಣೆಯೂ ಒತ್ತಡದಲ್ಲಿ ಬೇರಿಂಗಿಗೆ ಹರಿಯುತ್ತಿರಲಿಲ್ಲ. ಬದಿಯ ಸಣ್ಣ ರಂಧ್ರದಿಂದ ಚಿಮ್ಮಿದ ಎಣ್ಣೆ, ತಿರುಗುತ್ತಿರುವ ಕ್ರ್ಯಾಂಕಿನ ತೂತಿಗೆ ತಾನಾಗಿ ಬೀಳಬೇಕಿತ್ತು. ಇಂಥ ಎಂಜಿನ್ನಿನಿಂದ ಮೂಲ ಶಕ್ತಿಯ ಮೂರು ಪಟ್ಟಿಗೂ ಹೆಚ್ಚು ಪಡೆದವರಿದ್ದರು. ಜ್ಯಾಕ್ ಫ್ರೆಂಚ್ ಅವರ ಸಿಂಪ್ಲಿಸಿಟಿ ಎಂಬ ಕಾರು ಈ ಪೈಕಿ ಹೆಸರುವಾಸಿ. ಅನಗತ್ಯವಾದದ್ದು ಏನೂ ಇಲ್ಲದ, ಇದ್ದದ್ದೆಲ್ಲ ಅಚ್ಚುಕಟ್ಟಾಗಿದ್ದ ಅದು ಎಷ್ಟೋ ಮಂದಿಗೆ ಮಾದರಿಯಾಯಿತು.

ಕಾಲಿನ್ ಚಾಪ್ಮನ್ ಈ ಲೋಕಕ್ಕೆ ಬಂದದ್ದು ವ್ಯಾಪಾರ ಕೈಕೊಟ್ಟಿದ್ದರಿಂದ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತಲೇ ಅವರು ಹಳೆಯ ಕಾರುಗಳನ್ನು ಕೊಂಡು ಮಾರುತ್ತಿದ್ದರು. 1947ರ ಕೊನೆಯಲ್ಲಿ ಸರ್ಕಾರ ಖಾಸಗಿ ಬಳಕೆಯ ಪೆಟ್ರೋಲ್ ರೇಷನ್ನನ್ನೇ ನಿಲ್ಲಿಸಿದಾಗ ಮಾರುಕಟ್ಟೆ ಕುಸಿಯಿತು. ಮಾರಾಟವಾಗದೆ ಒಂದು ಹಳೆಯ ಆಸ್ಟಿನ್ ಸೆವೆನ್ ಉಳಿದುಬಿಟ್ಟಿತು. ಮುಂದೆ ಕೈಹಿಡಿದ ಹೇಜಲ್ ವಿಲಿಯಮ್ಸ್ ಅವರ ತಂದೆತಾಯಿಯ ಮನೆಯ ಹಿಂದಿನ ಶೆಡ್ಡಿನಲ್ಲಿ ಅದನ್ನು ಬಿಚ್ಚಿ, ಅಲ್ಯೂಮಿನಿಯಂ ಹೊದೆಸಿದ ಪ್ಲೈವುಡ್ಡಿನ ಬಾಡಿ ಕಟ್ಟಿ, 1948ರಲ್ಲಿ ಕೆಸರುಗುಡ್ಡ ಹತ್ತುವ ಟ್ರಯಲ್ ಸ್ಪರ್ಧೆಗಳಿಗೆ ಇಳಿಸಿದರು. ಅದೇ ಲೋಟಸ್ ಮಾರ್ಕ್ 1.

750 ಫಾರ್ಮುಲಾಕ್ಕಾಗಿ ಅವರು 1951ರಲ್ಲಿ ತಂದ ಮಾರ್ಕ್ 3 ಇಡೀ ಕ್ಲಬ್ಬನ್ನು ಬೆಚ್ಚಿಬೀಳಿಸಿತು. ಆಸ್ಟಿನ್ ಬ್ಲಾಕಿನಲ್ಲಿ ನಾಲ್ಕು ಸಿಲಿಂಡರುಗಳಿಗೆ ಇನ್‌ಲೆಟ್ ಬಾಯಿಗಳು ಎರಡೇ. ಒಂದೊಂದು ಬಾಯಿಯನ್ನು ಎರಡೆರಡು ಸಿಲಿಂಡರುಗಳು ಹಂಚಿಕೊಳ್ಳುತ್ತಿದ್ದುದರಿಂದ ಒಂದು ಉಸಿರೆಳೆಯುವಾಗ ಇನ್ನೊಂದರ ಪಾಲು ಕದಿಯುತ್ತಿತ್ತು. ಬ್ಲಾಕ್ ಬದಲಿಸುವಂತಿಲ್ಲ. ಚಾಪ್ಮನ್ ಬಾಯಿಯ ನಡುವೆ ತಗಡಿನ ಅಡ್ಡಗೋಡೆ ಬರುವಂತೆ ಮಾಡಿ, ಪ್ರತಿ ಸಿಲಿಂಡರಿಗೂ ತನ್ನದೇ ದಾರಿ ಒದಗಿಸಿದರು. ನಿಯಮದ ಅಕ್ಷರ ಮುರಿಯಲಿಲ್ಲ, ಎಂಜಿನ್ನಿನ ಸ್ವಭಾವವೇ ಬದಲಾಯಿತು. ಆ ಹಂಗಾಮಿನಲ್ಲಿ ಉಳಿದವರು ಅವರ ಹಿಂದೆಯೇ ಉಳಿದರು. ಕ್ಲಬ್ ಮುಂದೆ ಈ ಉಪಾಯವನ್ನು ನಿಷೇಧಿಸಿತು. ಜಾಣತನಕ್ಕೆ ಶಿಕ್ಷೆ ಕೊಟ್ಟಂತಾಯಿತು ಎಂದು ಇದನ್ನು ಟೀಕಿಸುವುದು ಸುಲಭ. ಆದರೆ ಎಲ್ಲರೂ ಅದನ್ನೇ ಮಾಡಿಸಬೇಕಾಗಿ ಬಂದು ಖರ್ಚು ಏರಿದ್ದರೆ ಫಾರ್ಮುಲಾದ ಉದ್ದೇಶವೇ ಕೆಡುತ್ತಿತ್ತು. ಕ್ಲಬ್ಬಿನ ತೀರ್ಮಾನ ಸರಿಯಾದದ್ದೇ. ಚಾಪ್ಮನ್ ಅಷ್ಟರಲ್ಲಿ ಮುಂದೆ ಸಾಗಿದ್ದರು. 1952ರ ಆರಂಭದಲ್ಲಿ, ತಂದೆ ನಡೆಸುತ್ತಿದ್ದ ಹಾರ್ನ್ಸಿಯ ರೈಲ್ವೆ ಹೋಟೆಲಿನ ಹಿಂದಿನ ಹಳೆಯ ಲಾಯದಲ್ಲಿ ಲೋಟಸ್ ಎಂಜಿನಿಯರಿಂಗ್ ಶುರುವಾಯಿತು.

ಅದೇ ವರ್ಷ, ಭೂಮಿಯ ಇನ್ನೊಂದು ತುದಿಯ ನ್ಯೂಜಿಲೆಂಡಿನಲ್ಲಿ ಹದಿಹರೆಯದ ಬ್ರೂಸ್ ಮೆಕ್ಲಾರೆನ್ ಮುರಿವಾಯಿ ಗುಡ್ಡದ ಏರು ಸ್ಪರ್ಧೆಯಲ್ಲಿ ಮೊದಲ ಬಾರಿ ಕಾರು ಓಡಿಸಿದರು. ಸೊಂಟದ ಕೀಲಿನ ಕಾಯಿಲೆಯಿಂದ ಬಾಲ್ಯದ ಕೆಲವು ವರ್ಷಗಳನ್ನು ಹಾಸಿಗೆಯಲ್ಲೇ ಕಳೆದ ಹುಡುಗ. ಆಕ್ಲೆಂಡಿನಲ್ಲಿ ಗ್ಯಾರೇಜು ನಡೆಸುತ್ತಿದ್ದ ತಂದೆ ಲೆಸ್ ಕೊಂಡುತಂದಿದ್ದ ಹಳೆಯ ಆಸ್ಟಿನ್ ಸೆವೆನ್ ಅಲ್ಸ್ಟರನ್ನು ತಂದೆಮಗ ಸೇರಿ ರಿಪೇರಿ ಮಾಡಿದ್ದರು. ಆ ಕಾರು ಇಂದಿಗೂ ಮೆಕ್ಲಾರೆನ್ ಕಂಪನಿಯಲ್ಲಿದೆ.

1950ರ ದಶಕದ ನಡುವಿನಿಂದ ಸ್ಪೆಷಲ್ ಕಟ್ಟುವುದು ಒಂದು ಸಣ್ಣ ಉದ್ಯಮವೇ ಆಯಿತು. ಫೈಬರ್‌ಗ್ಲಾಸ್ ಬಾಡಿಗಳು, ಸಿದ್ಧ ಬಿಡಿಭಾಗಗಳು ಅಂಚೆಯಲ್ಲಿ ಬರತೊಡಗಿದವು. ಜೆಮ್ ಮಾರ್ಷ್ ಅವರ ಸ್ಪೀಡೆಕ್ಸ್ ಇದರಲ್ಲಿ ಮುಂಚೂಣಿಯಲ್ಲಿತ್ತು. ಆ ಅನುಭವದಿಂದ ಅವರು ಮುಂದೆ ಮಾರ್ಕೋಸ್ ಕಾರ್ ಕಂಪನಿ ಸ್ಥಾಪಿಸಿದರು. ಬಿಲ್ ವಿಲಿಯಮ್ಸ್ ಅವರ ಆಸ್ಟಿನ್ ಸೆವೆನ್ ಸ್ಪೆಷಲ್ಸ್ ಎಂಬ ಕೈಪಿಡಿ ಕಟ್ಟುವವರ ಮೇಜಿನ ಮೇಲಿನ ಪುಸ್ತಕವಾಯಿತು. ಈ ಭರಾಟೆ ಹೆಚ್ಚು ಕಾಲ ನಿಲ್ಲಲಿಲ್ಲ. 1959ರಲ್ಲಿ ಅಗ್ಗದ ಹೊಸ ಕಾರಾಗಿ ಮಿನಿ ಬಂತು. 1960ರಲ್ಲಿ ಹಳೆಯ ವಾಹನಗಳ ಕಡ್ಡಾಯ ತಪಾಸಣೆ ಶುರುವಾಗಿ, ತಂತಿ ಬ್ರೇಕಿನ ಎಷ್ಟೋ ಕಾರುಗಳು ರಸ್ತೆ ಬಿಟ್ಟವು. ಕ್ಲಬ್ ಕಾಲಕ್ಕೆ ತಕ್ಕಂತೆ ನಡೆದುಕೊಂಡಿತು. 1953ರಲ್ಲೇ 1172 ಸಿಸಿಯ ಫೋರ್ಡ್ ಎಂಜಿನ್ನಿಗೆ ಪ್ರತ್ಯೇಕ ಫಾರ್ಮುಲಾ ತೆರೆದಿತ್ತು. ಲೋಲಾ ಕಂಪನಿಯ ಎರಿಕ್ ಬ್ರಾಡ್ಲಿ ಬೆಳಕಿಗೆ ಬಂದದ್ದು ಆ ಕಣದಲ್ಲಿ. 750 ಫಾರ್ಮುಲಾಕ್ಕೂ ಆಸ್ಟಿನ್ನಿನ ನಂತರ ರಿಲಯಂಟ್ ಕಂಪನಿಯ ಎಂಜಿನ್, ಆಮೇಲೆ ಫಿಯಟ್ ಎಂಜಿನ್ ಬಂದವು. 1996ರಲ್ಲಿ ಶಾಲಾ ಶಿಕ್ಷಕ ರಾನ್ ಚಾಂಪಿಯನ್, 250 ಪೌಂಡಿನಲ್ಲೂ ಸ್ಪೋರ್ಟ್ಸ್ ಕಾರು ಕಟ್ಟಬಹುದು ಎಂದು ತೋರಿಸುವ ಪುಸ್ತಕ ಬರೆದಾಗ, ಲೋಟಸ್ ಸೆವೆನ್ ಮಾದರಿಯ ಆ ಲೋಕಾಸ್ಟ್ ಕಾರುಗಳಿಗೂ ಇದೇ ಕ್ಲಬ್ ಪಂದ್ಯ ಏರ್ಪಡಿಸಿತು.

ಭಾರತದಲ್ಲಿ ಇದಕ್ಕೆ ಹತ್ತಿರವಾದ ಪ್ರಯತ್ನ ಕೊಯಮತ್ತೂರಿನ ಎಸ್. ಕರಿವರ್ಧನ್ ಅವರದು. 1980ರ ದಶಕದ ಕೊನೆಯಲ್ಲಿ ಅವರು ಎಲ್ಲೆಡೆ ಸಿಗುತ್ತಿದ್ದ ಮಾರುತಿ 800ರ ಮೂರು ಸಿಲಿಂಡರಿನ 796 ಸಿಸಿ ಎಂಜಿನ್ ಬಳಸಿ ಒಂಟಿ ಸೀಟಿನ ಫಾರ್ಮುಲಾ ಮಾರುತಿ ಕಾರುಗಳನ್ನು ರೂಪಿಸಿದರು. ಮುಂದೆ ಫಾರ್ಮುಲಾ ಒನ್ ಚಾಲಕರಾದ ನರೇನ್ ಕಾರ್ತಿಕೇಯನ್ ಮೊದಲ ಪಂದ್ಯಗಳನ್ನು ಓಡಿದ್ದು ಇಂಥ ಕಾರಿನಲ್ಲೇ. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕೊಯಮತ್ತೂರಿನ ಬಳಿಯ ಕರಿ ಮೋಟಾರ್ ಸ್ಪೀಡ್‌ವೇಗೆ ಅವರದೇ ಹೆಸರು. ಕರ್ನಾಟಕದಲ್ಲಿ ಇಂದು ಕೈಯಾರೆ ಕಾರು ಕಟ್ಟಿ ಸ್ಪರ್ಧೆಗೆ ಒಯ್ಯುವ ಕೆಲಸ ಹೆಚ್ಚಾಗಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ನಡೆಯುತ್ತಿದೆ. ಬೆಂಗಳೂರಿನ ಆರ್.ವಿ. ಕಾಲೇಜಿನ ವಿದ್ಯಾರ್ಥಿಗಳ ಅಶ್ವ ರೇಸಿಂಗ್ ತಂಡ 2003ರಿಂದ ಇದರಲ್ಲಿ ತೊಡಗಿದೆ.

750 ಮೋಟಾರ್ ಕ್ಲಬ್ ಈಗಲೂ ಬ್ರಿಟನ್ನಿನಲ್ಲಿ ಪ್ರತಿ ವರ್ಷ ಪಂದ್ಯಗಳನ್ನು ನಡೆಸುತ್ತಿದೆ. ಹಳೆಯ ಆಸ್ಟಿನ್ ಸೆವೆನ್ ಸ್ಪೆಷಲ್‌ಗಳು ಇಂದು ವಿಂಟೇಜ್ ಕಾರುಗಳ ಪಂದ್ಯಗಳಲ್ಲಿ ಓಡುತ್ತವೆ.