ಊಟದ ಡಬ್ಬಿಯಲ್ಲಿ ಹೊರಬಂದ ತಾಮ್ರ

ತಾಮ್ರ ಅಂದ ಕೂಡಲೇ ನಮಗೆ ನೆನಪಾಗೋದು ಬಚ್ಚಲುಮನೆಯ ಹಂಡೆ, ಪೂಜೆಯ ಪಂಚಪಾತ್ರೆ-ಉದ್ಧರಣೆ, ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಫಳಫಳ ಅನ್ನಿಸಿದ ತಂಬಿಗೆ. ಅದು ಕಲ್ಲಿನಿಂದ ಬರುತ್ತೆ ಅಂತ ಶಾಲೆಯಲ್ಲಿ ಓದಿರುತ್ತೇವೆ. ಅದಿರು ಅಗೆದು, ಪುಡಿ ಮಾಡಿ, ಕುಲುಮೆಗೆ ಹಾಕಿ, ಗಂಧಕವನ್ನೆಲ್ಲ ಓಡಿಸಿದ ಮೇಲೆ ಕೊನೆಗೆ ತಾಮ್ರ ಸಿಗುತ್ತೆ. ಪರೀಕ್ಷೆಗೆ ಅಷ್ಟು ಸಾಕಿತ್ತು.

ಆದರೆ ಈ ಯಾವ ರಗಳೆಯೂ ಇಲ್ಲದೆ, ನೆಲದಲ್ಲೇ ರೆಡಿಮೇಡ್ ಲೋಹವಾಗಿ ತಾಮ್ರ ಸಿಗುವುದೂ ಉಂಟು. ಇಂಗ್ಲಿಷಿನಲ್ಲಿ ಅದನ್ನು 'ನೇಟಿವ್ ಕಾಪರ್' ಅನ್ನುತ್ತಾರೆ. ನಾನು ಇಲ್ಲಿ 'ಹುಟ್ಟುತಾಮ್ರ' ಅಂತ ಕರೀತೀನಿ. (ಇದಕ್ಕಿಂತ ಒಳ್ಳೆಯ ಪದ ಗೊತ್ತಿದ್ದವರು ತಿಳಿಸಿ, ಕದ್ದು ಬಳಸಿಕೊಳ್ಳುತ್ತೇನೆ!) ಕೆಲವೊಮ್ಮೆ ಅದು ಜರೀಗಿಡದ ಎಲೆಯ ಹಾಗೆ ಕವಲೊಡೆದಿರುತ್ತದೆ, ಕೆಲವೊಮ್ಮೆ ಅಚ್ಚುಕಟ್ಟಾದ ಹರಳುಗಳಾಗಿರುತ್ತದೆ. ಗಾಜಿನಂಥ ಕ್ಯಾಲ್ಸೈಟ್ ಹರಳಿನೊಳಗೆ ತಾಮ್ರದ ಎಳೆಗಳು ಸಿಕ್ಕಿಹಾಕಿಕೊಂಡ ತುಣುಕುಗಳೂ ಇವೆ. ನನ್ನ ಹಾಗೆ ಕಲ್ಲು ಕೂಡಿಹಾಕುವ ಹುಚ್ಚಿರುವವರಿಗೆ ಇದು ಒಂಥರಾ ಕಾಶಿ ಯಾತ್ರೆಯ ವಸ್ತು. ಆ ಕಾಶಿ ಇರುವುದು ಅಮೆರಿಕದ ಮಿಷಿಗನ್ ರಾಜ್ಯದ ಉತ್ತರ ತುದಿಯಲ್ಲಿ. ಸುಪೀರಿಯರ್ ಸರೋವರದೊಳಕ್ಕೆ ಬೆರಳಿನ ಹಾಗೆ ಚಾಚಿಕೊಂಡಿರುವ ಆ ಭೂಭಾಗದ ಹೆಸರು ಕೀವಿನಾ.

ಅಲ್ಲೇ ಯಾಕೆ ಅನ್ನೋದಕ್ಕೆ ಸ್ವಲ್ಪ ಭೂಗರ್ಭಶಾಸ್ತ್ರ ಬೇಕು. ವಿಜಯಪುರ, ಕಲಬುರಗಿ ಕಡೆಯವರಿಗೆ ಕಪ್ಪು ಬಸಾಲ್ಟ್ ಕಲ್ಲು ಹೊಸದಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನಲ್ಲಿ ಪದರ ಪದರವಾಗಿ ಹರಿದ ಲಾವಾ ಅದು. ಕೀವಿನಾದ ಕಲ್ಲೂ ಇದೇ ಜಾತಿಯದು, ಆದರೆ ಬಲು ಹಳೆಯದು. ಸುಮಾರು 110 ಕೋಟಿ ವರ್ಷಗಳ ಹಿಂದೆ ಉತ್ತರ ಅಮೆರಿಕ ಖಂಡ ನಡುವೆ ಸೀಳತೊಡಗಿ, ಆ ಬಿರುಕಿನಿಂದ ಲಾವಾ ಉಕ್ಕಿತು. ಖಂಡ ಪೂರ್ತಿ ಸೀಳಲಿಲ್ಲ, ಅರ್ಧಕ್ಕೇ ನಿಂತಿತು. ಲಾವಾದಲ್ಲಿದ್ದ ಅನಿಲ ಹೊರಹೋಗಲು ನೋಡಿದಾಗ ಪದರದ ಮೇಲ್ಭಾಗವೆಲ್ಲ ದೋಸೆಯ ಹಾಗೆ ತೂತುತೂತಾಯಿತು. ಆಮೇಲೆ ಆಳದಿಂದ ಮೇಲೆದ್ದ ಬಿಸಿನೀರು ಕರಗಿದ ತಾಮ್ರವನ್ನು ಹೊತ್ತು ತಂದು ಆ ತೂತುಗಳಲ್ಲಿ, ಬಿರುಕುಗಳಲ್ಲಿ ಇಳಿಸಿತು. ಅಲ್ಲಿ ಗಂಧಕ ಕಡಿಮೆ ಇದ್ದದ್ದರಿಂದ ತಾಮ್ರ ಅದಿರಾಗದೆ ಲೋಹವಾಗಿಯೇ ಉಳಿಯಿತು. ಬಹಳ ಕಾಲದ ಮೇಲೆ ಹಿಮನದಿಗಳು ಬಂದು ನೆಲವನ್ನು ಉಜ್ಜಿ, ತಾಮ್ರದ ಗಟ್ಟಿಗಳನ್ನು ಕಿತ್ತು ಅಲ್ಲಲ್ಲಿ ಚೆಲ್ಲಿ ಹೋದವು.

ಹೀಗೆ ಚೆಲ್ಲಿದ್ದನ್ನು ಮೊದಲು ಎತ್ತಿಕೊಂಡವರು ಅಲ್ಲಿನ ಮೂಲನಿವಾಸಿಗಳು. ಐದು ಸಾವಿರ ವರ್ಷಗಳಿಗೂ ಹಿಂದಿನಿಂದ ಅವರು ಗುಂಡಿ ತೋಡಿ, ಕಲ್ಲಿನ ಸುತ್ತಿಗೆಯಲ್ಲಿ ಬಂಡೆ ಒಡೆದು ತಾಮ್ರ ತೆಗೆಯುತ್ತಿದ್ದರು. ಕರಗಿಸುವ ಗೋಜಿಲ್ಲ. ಕಾಯಿಸುವುದು, ತಟ್ಟುವುದು, ಮತ್ತೆ ಕಾಯಿಸುವುದು. ಈಟಿಯ ಮೊನೆ, ಚಾಕು, ಸೂಜಿ, ಮೀನಿನ ಗಾಳ, ಮಣಿ ಎಲ್ಲ ಹೀಗೇ ತಯಾರಾಗುತ್ತಿತ್ತು. 1660ರ ದಶಕದಲ್ಲಿ ಅಲ್ಲಿಗೆ ಹೋದ ಫ್ರೆಂಚ್ ಪಾದ್ರಿ ಕ್ಲೋಡ್ ಅಲ್ಲುವೆ ಇನ್ನೊಂದು ಸಂಗತಿ ಬರೆದಿಟ್ಟಿದ್ದಾರೆ. ಅಲ್ಲಿನ ಜನ ನೀರಿನ ತಳದಲ್ಲಿ ಸಿಕ್ಕ ತಾಮ್ರದ ತುಂಡುಗಳನ್ನು ದೇವರು ಕೊಟ್ಟದ್ದೆಂದು ಜೋಪಾನವಾಗಿಟ್ಟುಕೊಂಡು, ಮನೆದೇವರ ಹಾಗೆ ತಲೆಮಾರಿನಿಂದ ತಲೆಮಾರಿಗೆ ದಾಟಿಸುತ್ತಿದ್ದರಂತೆ. ಅಂದರೆ ಹುಟ್ಟುತಾಮ್ರವನ್ನು ತಟ್ಟದೆ, ಮಾರದೆ, ಇದ್ದ ಹಾಗೇ ಕಾಪಾಡಿಕೊಂಡ ಜನ ಮ್ಯೂಸಿಯಮ್ಮುಗಳಿಗಿಂತ ಎಷ್ಟೋ ಮುಂಚೆಯೇ ಇದ್ದರು. ಆದರೆ ಖನಿಜ ಸಂಗ್ರಹದ ಇತಿಹಾಸ ಹೇಳುವಾಗ ಅವರನ್ನು ಯಾರೂ 'ಸಂಗ್ರಾಹಕರು' ಅನ್ನುವುದಿಲ್ಲ.

ಈ ಜಾಗದ ಅತ್ಯಂತ ಪ್ರಸಿದ್ಧ 'ಸ್ಪೆಸಿಮನ್' ಒಂದು ಬಂಡೆ. ಒಂಟನಾಗನ್ ನದಿಯ ದಡದಲ್ಲಿ ಬಿದ್ದಿದ್ದ, ಸುಮಾರು 1,680 ಕಿಲೋ ತೂಕದ ತಾಮ್ರದ ಗಟ್ಟಿ. ಓಜಿಬ್ವೆ ಜನರಿಗೆ ಅದು ಪೂಜ್ಯ. 1766ರಲ್ಲಿ ಅಲೆಕ್ಸಾಂಡರ್ ಹೆನ್ರಿ ಎಂಬ ತುಪ್ಪುಳದ ವ್ಯಾಪಾರಿ ಅದನ್ನು ನೋಡಿ, ಕೊಡಲಿಯಿಂದ ದೊಡ್ಡದೊಂದು ತುಂಡನ್ನೇ ಕಡಿದುಕೊಂಡು ಹೋದ. 1820ರಲ್ಲಿ ಹೆನ್ರಿ ಸ್ಕೂಲ್‌ಕ್ರಾಫ್ಟ್ ನೋಡಿ ವರದಿ ಬರೆದ. 1826ರಲ್ಲಿ ಒಂದು ಒಪ್ಪಂದವಾಯಿತು. ಆ ನಾಡಿನ ಯಾವ ಮೂಲೆಯಲ್ಲಾದರೂ ಲೋಹ, ಖನಿಜ ಹುಡುಕಿ ಒಯ್ಯುವ ಹಕ್ಕು ಅಮೆರಿಕ ಸರ್ಕಾರಕ್ಕೆ ಸಿಕ್ಕಿತು. ನೆಲ ಇನ್ನೂ ಅವರದೇ, ಆದರೆ ನೆಲದೊಳಗಿನದು ಮಾತ್ರ ಅವರದಲ್ಲ! 1842ರ ಲಾ ಪಾಯಿಂಟ್ ಒಪ್ಪಂದದಲ್ಲಿ ನೆಲವೂ ಹೋಯಿತು.

ಇದರ ನಡುವೆ ಡೆಟ್ರಾಯಿಟ್‌ನ ಜೂಲಿಯಸ್ ಎಲ್ಡ್ರೆಡ್ ಎಂಬ ಕಬ್ಬಿಣ ಸಾಮಾನಿನ ವ್ಯಾಪಾರಿಗೆ ಈ ಬಂಡೆಯ ಹುಚ್ಚು ಹಿಡಿಯಿತು. 1841ರಲ್ಲಿ ಓಜಿಬ್ವೆ ಮುಖಂಡನಿಂದ 150 ಡಾಲರಿಗೆ ವ್ಯಾಪಾರ ಕುದುರಿಸಿದ. 1843ರಲ್ಲಿ ಕಾಡಿನಲ್ಲಿ ದಾರಿ ಕಡಿದು, ತುಂಡು ತುಂಡು ಹಳಿ ಹಾಸಿ, ಗಾಡಿಯ ಮೇಲೆ ಬಂಡೆಯನ್ನು ಎಳೆಸಿದ. ಹಿಂದಿನ ಹಳಿ ಕಿತ್ತು ಮುಂದೆ ಹಾಸುವುದು, ಮತ್ತೆ ಎಳೆಯುವುದು. ಕೊನೆಗೆ ಡೆಟ್ರಾಯಿಟ್‌ಗೆ ತಂದು ತಲೆಗೆ 25 ಸೆಂಟಿನಂತೆ ಟಿಕೆಟ್ ಇಟ್ಟು ಪ್ರದರ್ಶನ ಶುರು ಮಾಡಿದ. ಆದರೆ ಇದು ಸರ್ಕಾರದ ಸ್ವತ್ತು ಅಂತ ಅಧಿಕಾರಿಗಳು ಬಂದು ಬಂಡೆಯನ್ನು ವಾಷಿಂಗ್ಟನ್‌ಗೆ ಸಾಗಿಸಿಬಿಟ್ಟರು. 1847ರಲ್ಲಿ ಅಮೆರಿಕದ ಕಾಂಗ್ರೆಸ್ ಅವನ ಖರ್ಚು, ಶ್ರಮ ಲೆಕ್ಕ ಹಾಕಿ 5,664 ಡಾಲರ್ 98 ಸೆಂಟ್ ಮಂಜೂರು ಮಾಡಿತು. ಆ 98 ಸೆಂಟ್ ನೋಡಿ ನನಗೆ ನಗು ಬಂತು. ಎಲ್ಡ್ರೆಡ್‌ಗೆ ಚಿಲ್ಲರೆ ಸಮೇತ ಲೆಕ್ಕ ಚುಕ್ತಾ ಆಯಿತು, ಬಂಡೆಯ ಮೊದಲ ಒಡೆಯರಿಗೆ ಸಿಕ್ಕಿದ್ದು ಆ 150 ಡಾಲರಿನ ವ್ಯಾಪಾರ ಅಷ್ಟೇ.

ಈ ಬಂಡೆ ಈಗಲೂ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿದೆ. 1991ರಲ್ಲಿ ಕೀವಿನಾ ಕೊಲ್ಲಿಯ ಮೂಲನಿವಾಸಿ ಸಮುದಾಯ ಅದನ್ನು ವಾಪಸ್ ಕೊಡಿ ಎಂದು ಕೇಳಿತು. ಸಂಸ್ಥೆ ಕೊಡಲಿಲ್ಲ.

ಇರಲಿ, ಗಣಿಗೆ ಬರೋಣ. 1841ರಲ್ಲಿ ಮಿಷಿಗನ್ನಿನ ಭೂವಿಜ್ಞಾನಿ ಡಗ್ಲಸ್ ಹೋಟನ್ ತನ್ನ ವರದಿಯಲ್ಲಿ ತಾಮ್ರದ ವಿಷಯ ಬರೆದದ್ದೇ ತಡ, ಜನ ನುಗ್ಗಿದರು. ಪಾಪ, ಹೋಟನ್ 1845ರಲ್ಲಿ ಅದೇ ಸರೋವರದ ಬಿರುಗಾಳಿಯಲ್ಲಿ ದೋಣಿ ಮಗುಚಿ ತೀರಿಕೊಂಡ. ಅದೇ ವರ್ಷ ಕ್ಲಿಫ್ ಗಣಿ ಶುರುವಾಗಿ, ಅಲ್ಲಿಂದ ಮುಂದೆ 1968ರವರೆಗೆ ಈ ಪ್ರದೇಶದಿಂದ ಸುಮಾರು 50 ಲಕ್ಷ ಟನ್ ತಾಮ್ರ ಹೊರಬಂತು.

ತಮಾಷೆ ಏನು ಗೊತ್ತಾ? ಹುಟ್ಟುತಾಮ್ರ ದೊಡ್ಡ ಗಟ್ಟಿಯಾಗಿ ಸಿಕ್ಕರೆ ಗಣಿಯವರಿಗೆ ತಲೆನೋವು. ಬಂಡೆಯಾದರೆ ಸಿಡಿಮದ್ದಿಟ್ಟರೆ ಒಡೆಯುತ್ತೆ, ತಾಮ್ರ ಒಡೆಯೋದಿಲ್ಲ, ಬಗ್ಗುತ್ತೆ. ಮಿನೆಸೋಟಾ ಎಂಬ ಗಣಿಯಲ್ಲಿ 1857ರಲ್ಲಿ ಸುಮಾರು 500 ಟನ್ನಿನ ಒಂದೇ ಗಟ್ಟಿ ಸಿಕ್ಕಿತು. ಅದನ್ನು ಉಳಿ-ಸುತ್ತಿಗೆಯಲ್ಲಿ ಕಡಿದು ಕಡಿದು ಮುಗಿಸಲು ಒಂದು ವರ್ಷಕ್ಕೂ ಹೆಚ್ಚು ಬೇಕಾಯಿತು. ನಿಜವಾದ ಲಾಭ ಬಂದದ್ದು 1864ರಲ್ಲಿ ಪತ್ತೆಯಾದ ಕ್ಯಾಲುಮೆಟ್ ಪದರದಿಂದ. ಅಲ್ಲಿ ಬೆಣಚುಕಲ್ಲುಗಳ ಸಂದಿಯಲ್ಲಿ ತಾಮ್ರ ಸಣ್ಣ ಸಣ್ಣ ಕಣಗಳಾಗಿ ಹರಡಿತ್ತು. ನೋಡಲು ಏನೂ ಚೆಂದವಿಲ್ಲ, ಆದರೆ ಪುಡಿ ಮಾಡಲು ಸಲೀಸು. ಅದನ್ನು ಅಗೆದ ಕ್ಯಾಲುಮೆಟ್ ಅಂಡ್ ಹೆಕ್ಲಾ ಕಂಪನಿ ಆ ಕಾಲದ ಅತಿ ಶ್ರೀಮಂತ ಗಣಿಗಳಲ್ಲೊಂದಾಯಿತು.

ಕಂಪನಿಗೆ ತಾಮ್ರ ಅಂದರೆ ತೂಕ, ಅಷ್ಟೆ. ಜರೀಗಿಡದ ಎಲೆಯಂಥ ತುಣುಕೂ ಒಂದೇ, ಮುದ್ದೆಯೂ ಒಂದೇ. ಎರಡೂ ಮೊದಲು ಕುಟ್ಟುವ ಯಂತ್ರಕ್ಕೆ, ಆಮೇಲೆ ಕುಲುಮೆಗೆ. ಹಾಗಾದರೆ ಇವತ್ತು ಮ್ಯೂಸಿಯಮ್ಮುಗಳಲ್ಲಿ ನಾವು ಬಾಯಿ ಬಿಟ್ಟುಕೊಂಡು ನೋಡುವ ಹರಳುಗಳು ಉಳಿದದ್ದು ಹೇಗೆ?

ಕೆಲವನ್ನು ಗಣಿಯ ಮೇಲಧಿಕಾರಿಗಳು ಎತ್ತಿಟ್ಟುಕೊಂಡರು, ಅತಿಥಿಗಳಿಗೆ ಕಾಣಿಕೆಯಾಗಿ ಕೊಟ್ಟರು. ಇನ್ನು ಕೆಲವು ಹೊರಗೆ ಬಂದದ್ದು ಕಾರ್ಮಿಕರ ಜೇಬಿನಲ್ಲಿ, ಅವರ ತಗಡಿನ ಊಟದ ಡಬ್ಬಿಯಲ್ಲಿ. ಬೆಳಿಗ್ಗೆ ಆ ಡಬ್ಬಿಯಲ್ಲಿ ಟೀ ಮತ್ತು ಪ್ಯಾಸ್ಟಿ ಒಳಗೆ ಹೋಗುತ್ತಿತ್ತು. (ಪ್ಯಾಸ್ಟಿ ಅಂದರೆ ಮಾಂಸ, ಆಲೂಗಡ್ಡೆ ತುಂಬಿದ ದೊಡ್ಡ ಕರ್ಜಿಕಾಯಿ ಅಂದುಕೊಳ್ಳಿ.) ಸಂಜೆ ಖಾಲಿ ಡಬ್ಬಿಯಲ್ಲಿ ಒಂದು ತಾಮ್ರದ ಹರಳೋ, ಬೆಳ್ಳಿ-ತಾಮ್ರ ಬೆಸೆದುಕೊಂಡ ತುಣುಕೋ ಹೊರಗೆ. ಮೇಲಧಿಕಾರಿ ಮೇಜಿನ ಮೇಲಿಟ್ಟುಕೊಂಡರೆ ಅದು ಸಂಗ್ರಹ, ಕಾರ್ಮಿಕ ಡಬ್ಬಿಯಲ್ಲಿಟ್ಟುಕೊಂಡರೆ ಕಳ್ಳತನ!

ಈ ಅನುಮಾನದ ಕಣ್ಣು ನಮಗೇನೂ ದೂರದ್ದಲ್ಲ. ಕೀವಿನಾಗೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಕೆಲಸದವರು ಹೋದ ಹಾಗೆಯೇ, 1880ರ ನಂತರ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಕಾಲದಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಗೂ ಕಾರ್ನ್‌ವಾಲ್‌ನವರು ಬಂದರು. ಆದರೆ ಕೆಜಿಎಫ್‌ನಲ್ಲಿ ಅವರು ಮೇಲ್ವಿಚಾರಕರು, ಆಳಕ್ಕಿಳಿದು ಅಗೆದವರಲ್ಲಿ ಹೆಚ್ಚಿನವರು ತಮಿಳು, ತೆಲುಗು ಸೀಮೆಯ ಬಡವರು. ಅಲ್ಲೂ ಚಿನ್ನ ಕದಿಯುತ್ತಾರೆಂಬ ಗುಮಾನಿ ಪ್ರತಿಯೊಬ್ಬ ಕಾರ್ಮಿಕನ ಮೇಲೆ. 1930ರಲ್ಲಿ ಎಲ್ಲರ ಬೆರಳಚ್ಚು ತೆಗೆದುಕೊಳ್ಳಲು ಹೊರಟಾಗ ಸಾವಿರಾರು ಜನ ಕೆಲಸ ನಿಲ್ಲಿಸಿಬಿಟ್ಟರು. ನಾವೇನು ಕಳ್ಳರಾ ಅನ್ನುವ ಸಿಟ್ಟು ಎಲ್ಲ ಗಣಿಗಳಲ್ಲೂ ಒಂದೇ ಥರದ್ದು ಅನ್ನಿಸುತ್ತೆ.

ಕೀವಿನಾದಲ್ಲಿ ಆ ಸಿಟ್ಟು 1913ರ ಜುಲೈನಲ್ಲಿ ಒಡೆಯಿತು. ಎಂಟು ಗಂಟೆಯ ದುಡಿಮೆ, ದಿನಕ್ಕೆ 3 ಡಾಲರ್ ಕೂಲಿ, ಒಬ್ಬನೇ ನಡೆಸುವ ಡ್ರಿಲ್ ಯಂತ್ರ ಬೇಡ ಎಂಬ ಬೇಡಿಕೆಗಳು. ಒಬ್ಬನೇ ಇದ್ದರೆ ಆಳದಲ್ಲಿ ಏನಾದರೂ ಆದಾಗ ಕೂಗಿ ಹೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲವಲ್ಲ. ಆ ವರ್ಷದ ಡಿಸೆಂಬರ್ 24ರಂದು ಕ್ಯಾಲುಮೆಟ್‌ನ ಇಟಾಲಿಯನ್ ಹಾಲ್‌ನಲ್ಲಿ ಮುಷ್ಕರ ನಿರತರ ಮಕ್ಕಳಿಗೆ ಕ್ರಿಸ್‌ಮಸ್ ಕೂಟ ನಡೆದಿತ್ತು. ಯಾರೋ 'ಬೆಂಕಿ' ಎಂದು ಕೂಗಿದರು. ಬೆಂಕಿ ಇರಲಿಲ್ಲ. ಮೆಟ್ಟಿಲಿನಲ್ಲಿ ನೂಕುನುಗ್ಗಲಾಗಿ 73 ಜನ ಸತ್ತರು, ಹೆಚ್ಚಿನವರು ಮಕ್ಕಳು. 1914ರ ಏಪ್ರಿಲ್‌ನಲ್ಲಿ ಮುಷ್ಕರ ಮುಗಿಯಿತು, ಕಂಪನಿ ಅವರ ಸಂಘವನ್ನು ಒಪ್ಪಲೇ ಇಲ್ಲ.

ಕಾರ್ಮಿಕರ ಕೈಯಿಂದ ಹೊರಬಂದ ತುಣುಕುಗಳು ಕೈ ಬದಲಿಸುತ್ತಾ ದೊಡ್ಡವರ ಮನೆ ಸೇರಿದವು. ಫಿಲಡೆಲ್ಫಿಯಾದ ಉದ್ಯಮಿ ಕ್ಲಾರೆನ್ಸ್ ಬೆಮೆಂಟ್ ಕೂಡಿಟ್ಟ ಖನಿಜಗಳ ಭಾರೀ ಸಂಗ್ರಹವನ್ನು 1900ರಲ್ಲಿ ಬ್ಯಾಂಕರ್ ಜೆ. ಪಿ. ಮಾರ್ಗನ್ ಕೊಂಡು ನ್ಯೂಯಾರ್ಕಿನ ಮ್ಯೂಸಿಯಂಗೆ ಕೊಟ್ಟರು. ಕೀವಿನಾದಲ್ಲೇ ಇದ್ದು ಕಲ್ಲುಗಳ ಜೊತೆ ಗಣಿಯ ಫೋಟೋಗಳನ್ನೂ ಕೂಡಿಟ್ಟ ಜಾನ್ ರೀಡರ್ ಅಂಥವರಿದ್ದರು. 1902ರಲ್ಲಿ ಹೋಟನ್ ಊರಿನ ಗಣಿ ಕಾಲೇಜಿನಲ್ಲಿ ಶುರುವಾದ ಸೀಮನ್ ಮ್ಯೂಸಿಯಂ ಇವತ್ತು ಈ ತಾಮ್ರ ನೋಡಲು ಅತ್ಯುತ್ತಮ ಜಾಗ. ಸರೋವರದ ತಳದಿಂದ 2001ರಲ್ಲಿ ಮೇಲೆತ್ತಿದ ಸುಮಾರು 17 ಟನ್ನಿನ ತಾಮ್ರದ ಹಾಳೆಯೂ ಅಲ್ಲೇ ಇದೆ. ಈ ಸಂಗ್ರಾಹಕರಿಗೆ ನಾವು ಋಣಿಗಳು, ಅದರಲ್ಲಿ ಎರಡು ಮಾತಿಲ್ಲ. ಅವರು ದುಡ್ಡು ಕೊಡದೇ ಇದ್ದಿದ್ದರೆ ಇವೂ ತಂತಿಯಾಗಿ, ಪಾತ್ರೆಯಾಗಿ ಹೋಗಿರುತ್ತಿದ್ದವು.

ಆದರೆ ಖನಿಜ ಸಂಗ್ರಹದ ಲೋಕದಲ್ಲಿ ಕಲ್ಲಿನಷ್ಟೇ ಬೆಲೆ ಅದರ ಜೊತೆಗಿನ ಚೀಟಿಗೆ. ಯಾವ ಗಣಿ, ಯಾವ ಊರು, ಯಾರ ಸಂಗ್ರಹದಿಂದ ಯಾರಿಗೆ ಬಂತು, ಎಲ್ಲ ಅದರಲ್ಲಿರುತ್ತೆ. ಚೀಟಿ ಕಳೆದರೆ ಒಳ್ಳೆಯ ತುಣುಕೂ ಅನಾಥ. ನನ್ನ ಹತ್ತಿರ ಹೆಬ್ಬೆರಳಿನಷ್ಟು ದೊಡ್ಡ ಹುಟ್ಟುತಾಮ್ರ ಒಂದಿದೆ. ಚೀಟಿಯಲ್ಲಿ ಕ್ವಿನ್ಸಿ ಗಣಿಯ ಹೆಸರಿದೆ. 1846ರಲ್ಲಿ ಶುರುವಾಗಿ 1945ರಲ್ಲಿ ಮುಚ್ಚಿದ ಗಣಿ ಅದು. ಹಿಂದಿನ ಇಬ್ಬರು ಮಾಲೀಕರ ಹೆಸರೂ ಇದೆ. ಇಲ್ಲದಿರುವುದು ಕತ್ತಲಲ್ಲಿ, ಮೇಣದ ಬತ್ತಿಯದೋ ಕಾರ್ಬೈಡ್ ದೀಪದ್ದೋ ಬೆಳಕಿನಲ್ಲಿ, ಇದು ಕುಲುಮೆಗೆ ಹೋಗಬಾರದು ಅಂದುಕೊಂಡವನ ಹೆಸರು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ ಕೋಡ್ ಬರೆದವನ ಹೆಸರಿಲ್ಲ, ಕಾಪಿ ಮಾಡಿಕೊಂಡವರ ಹೆಸರೆಲ್ಲ ತಾರೀಖಿನ ಸಮೇತ ಇದೆ :-)

ಅವನು ದುಡ್ಡಿಗಾಗಿ ಎತ್ತಿಟ್ಟನೋ, ಹೆಂಡತಿಗೆ ತೋರಿಸಲೋ, ಕಿಟಕಿಯಲ್ಲಿ ಚೆಂದ ಕಾಣುತ್ತೆ ಅಂತಲೋ ಯಾರಿಗೆ ಗೊತ್ತು. ಯಾವುದೇ ಆಗಿರಲಿ, 50 ಲಕ್ಷ ಟನ್ ತಾಮ್ರ ಹಾದುಹೋದ ದಾರಿಯಲ್ಲಿ ಕೈ ಚಾಚಿ ಇದೊಂದನ್ನು ಬೇರೆ ಮಾಡಿದವನು ಅವನು. ಸಂಗ್ರಹ ಅಂದರೆ ಅದೇ ಅಲ್ಲವೇ? ಉಳಿದ ನಾವೆಲ್ಲ ಬರೀ ಕೊಂಡವರು.

ನನ್ನ ಕಲ್ಲುಗಳ ಪಟ್ಟಿಯನ್ನು ಒಂದು ಎಕ್ಸೆಲ್ ಹಾಳೆಯಲ್ಲಿ ಇಟ್ಟಿದ್ದೇನೆ. ಗಣಿ, ಊರು, ತೂಕ, ಬೆಲೆ, ಹಿಂದಿನ ಮಾಲೀಕರು ಅಂತೆಲ್ಲ ಕಾಲಮ್ಮುಗಳಿವೆ. ಹೋದ ವಾರ ಇನ್ನೊಂದು ಸೇರಿಸಿದೆ, 'ಹೊರಗೆ ತಂದವರು' ಅಂತ. ಸದ್ಯಕ್ಕೆ ಆ ಕಾಲಂ ಪೂರ್ತಿ ಖಾಲಿ. ಖಾಲಿ ಇದೆ ಅನ್ನೋದಾದರೂ ಕಣ್ಣಿಗೆ ಬೀಳಲಿ ಅಂತ ಅದನ್ನು ಎಲ್ಲಕ್ಕಿಂತ ಮೊದಲು ಇಟ್ಟಿದ್ದೇನೆ.