ವೇಳೆವಾಳಿ

ಒಡೆಯನಿಗಾಗಿ ಪ್ರಾಣ ಕೊಡುವೆನೆಂಬ ಪ್ರತಿಜ್ಞೆ. ಅದನ್ನು ತೊಟ್ಟ ಯೋಧನೂ ವೇಳೆವಾಳಿಯೇ. ‘ವೇಳೆ’ ಎಂದರೆ ಹೊತ್ತು, ‘ಪಾಳಿ’ ಎಂದರೆ ಕಟ್ಟಳೆ. ಉಂಡ ಅನ್ನದ ಋಣ ತೀರಿಸುವ ‘ಜೋಳವಾಳಿ’ ಇದರ ಜೊತೆಗಾರ ಪದ. ಹೊಯ್ಸಳರ ಕಾಲದಲ್ಲಿ ಇಂಥವರಿಗೆ ‘ಗರುಡ’ರೆಂಬ ಹೆಸರು. ದೊರೆ ಇಮ್ಮಡಿ ಬಲ್ಲಾಳನಿಗಾಗಿ ಮಡದಿಯೊಡನೆ ಮಡಿದ ದಂಡನಾಯಕ ಕುವರಲಕ್ಷ್ಮನ ಸ್ಮಾರಕ ಕಂಬ ಹಳೇಬೀಡಿನಲ್ಲಿದೆ.

ಜಪಾನಿನ ‘ಕಾಮಿಕಾಜೆ’ (ದೈವಗಾಳಿ) ಪೈಲಟ್‌ಗಳಿಗೆ ಈ ಪದ ಅರ್ಧ ಮಾತ್ರ ಒಪ್ಪುತ್ತದೆ. 1944ರ ಅಕ್ಟೋಬರ್‌ನಲ್ಲಿ ಫಿಲಿಪ್ಪೀನ್ಸಿನ ಲೇಟೆಯ ಬಳಿ ಅವರು ವಿಮಾನವನ್ನೇ ಹಡಗಿಗೆ ಅಪ್ಪಳಿಸತೊಡಗಿದರು. ಗುಂಡಿಗೆ ಬೆದರಿ ಹಿಂತಿರುಗದ ವೈರಿಯನ್ನು ಕಂಡು ಅಮೆರಿಕದ ನಾವಿಕರ ನಿದ್ದೆ ಹಾರಿತು. ಈ ದಾಳಿಗಳ ಸುದ್ದಿಯನ್ನು ಅಮೆರಿಕದ ನೌಕಾಪಡೆ 1945ರ ಏಪ್ರಿಲ್‌ವರೆಗೆ ತಡೆಹಿಡಿಯಿತು. ವೇಳೆವಾಳಿ ಸಾಯುತ್ತಿದ್ದುದು ಒಡೆಯನ ಋಣಕ್ಕೆ. ಕಾಮಿಕಾಜೆಯ ಸಾವಿನ ಗುರಿ ಹಡಗು ಮಾತ್ರವಲ್ಲ, ಎದುರಾಳಿಯ ಎದೆಗಾರಿಕೆ ಕೂಡ.