ಬಿಡಿ ಜೋಳ, ಸೀಲ್ ಪ್ಯಾಕೆಟ್ ಮತ್ತು ಡೆಬಿಯನ್

ನರಗುಂದದ ಒಬ್ಬ ಹುಡುಗಿ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕ್ತಾಳೆ ಅಂದ್ಕೊಳ್ಳಿ. ಎಲ್ಲಾ ಸರಿ, ಆದ್ರೆ ವೈಫೈ ಏಳ್ತಿಲ್ಲ. ವೈಫೈ ಚಿಪ್ಪಿಗೆ ಬೇಕಾದ ಫರ್ಮ್‌ವೇರ್ ಇಲ್ಲ. ಇಳಿಸ್ಕೋಬೇಕಂದ್ರೆ ನೆಟ್ ಬೇಕು, ನೆಟ್ ಬರ್ಬೇಕಂದ್ರೆ ವೈಫೈ ಬೇಕು. ಈ ಫಜೀತಿಯ ಹಿಂದೆ ದೊಡ್ಡ ಇತಿಹಾಸ ಐತಿ.

1993ರ ಆಗಸ್ಟ್‌ನಲ್ಲಿ ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿ ಡೆಬಿಯನ್ ಶುರು ಮಾಡಿದ. 1997ರಲ್ಲಿ ಡೆಬಿಯನ್ ಬಳಗ ಒಂದು 'ಸಾಮಾಜಿಕ ಒಪ್ಪಂದ' ಬರೆದುಕೊಂಡಿತು. ನಮ್ಮ ಸಿಸ್ಟಮ್ ಪೂರ್ತಿ ಮುಕ್ತವಾಗೇ ಇರುತ್ತೆ. ಮುಕ್ತವಲ್ಲದ್ದು ಬೇಕಾದವರಿಗೂ ನೆರವಾಗ್ತೀವಿ, ಆದ್ರೆ ಅದು ಡೆಬಿಯನ್‌ನ ಭಾಗ ಅಲ್ಲ ಅಂತ.

ನಮ್ಮ ರೋಣದ ಕಿರಾಣಿ ಅಂಗಡಿ ನೆನಪಿಸ್ಕೊಳ್ಳಿ. ಬಿಡಿ ಜೋಳ ಕೈಯಾಗ ಹಿಡಿದು ನೋಡಬಹುದು, ಸೀಲ್ ಪ್ಯಾಕೆಟ್ಟಿನ ಒಳಗೇನಿದೆ ಅಂತ ನಂಬಬೇಕಷ್ಟೆ. ಡೆಬಿಯನ್ ಮೂರು ಕಪಾಟು ಇಟ್ಟಿತು. 'ಮೇನ್'ನಲ್ಲಿ ಮುಕ್ತ ಸರಕು. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳು ಇರೋದು ಇಲ್ಲೇ. 'ನಾನ್-ಫ್ರೀ'ಯಲ್ಲಿ ಸೀಲ್ ಪ್ಯಾಕೆಟ್. 'ಕಾಂಟ್ರಿಬ್'ನಲ್ಲಿ ತಾನು ಮುಕ್ತವಾಗಿದ್ದೂ ಹೊರಗಿನ ಸೀಲ್ ಸರಕನ್ನು ನೆಚ್ಚಿಕೊಂಡದ್ದು.

ಕಾಂಟ್ರಿಬ್‌ನ ಚಂದದ ಉದಾಹರಣೆ ಏರಿಯಲ್, ಟೈಮ್ಸ್ ನ್ಯೂ ರೋಮನ್. ಮೈಕ್ರೋಸಾಫ್ಟ್ 1996ರಿಂದ ಈ ಫಾಂಟುಗಳನ್ನು ಪುಕ್ಕಟೆ ಕೊಟ್ಟಿತು, ಆದ್ರೆ ಮೂಲ ಕಡತ ಇದ್ದಂಗೇ ಹಂಚಬೇಕು, ಬಿಚ್ಚಿ ಹಂಚಂಗಿಲ್ಲ ಅನ್ನೋದು ಷರತ್ತು. ಹಂಗಾಗಿ ಡೆಬಿಯನ್ ಪ್ಯಾಕೇಜಿನಲ್ಲಿ ಫಾಂಟೇ ಇಲ್ಲ! ಒಂದು ಸ್ಕ್ರಿಪ್ಟ್ ಇದೆ. ಅದು ನಿಮ್ಮ ಯಂತ್ರಕ್ಕೇ ಮೂಲ ಕಡತ ಇಳಿಸಿ, ಅಲ್ಲೇ ಬಿಚ್ಚುತ್ತೆ. ಷರತ್ತೂ ಮುರೀಲಿಲ್ಲ, ಕೆಲಸವೂ ಆಯ್ತು.

ನಾನ್-ಫ್ರೀ ಕಪಾಟು ತೆಗೆದೇ ಬಿಡೋಣ ಅಂತ 2004ರಲ್ಲಿ ಮತಕ್ಕೆ ಹಾಕಿದರು. ಉಳಿಸೋಣ ಅನ್ನೋರೇ ಗೆದ್ದರು. ಅಷ್ಟರಲ್ಲಿ ಹಾರ್ಡ್‌ವೇರ್ ಬದಲಾಗ್ತಿತ್ತು. ಮೊದಲು ಫರ್ಮ್‌ವೇರ್ ಚಿಪ್ಪಿನೊಳಗೇ ಕೂತು ಬರ್ತಿತ್ತು, ಯಾರ ಕಣ್ಣಿಗೂ ಬೀಳ್ತಿರಲಿಲ್ಲ. ಆಮೇಲೆ ಎಷ್ಟೋ ಸಾಧನಗಳು, ಪ್ರತಿ ಸಲ ಆನ್ ಆದಾಗ ಅದನ್ನು ಆಪರೇಟಿಂಗ್ ಸಿಸ್ಟಮ್ಮೇ ತುಂಬಲಿ ಅಂತ ಕಾಯತೊಡಗಿದವು. ತತ್ವ ಹಿಡಿದು ಕೂತ್ರೆ ಹುಡುಗಿಗೆ ವೈಫೈ ಇಲ್ಲ.

2022ರಲ್ಲಿ ಮತ್ತೆ ಮತ. ಈ ಸಲ ಒಪ್ಪಂದವನ್ನೇ ತಿದ್ದಿ, ಅಧಿಕೃತ ಇನ್‌ಸ್ಟಾಲರಿನಲ್ಲಿ ಮುಕ್ತವಲ್ಲದ ಫರ್ಮ್‌ವೇರ್ ಸೇರಿಸಲು ಒಪ್ಪಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಲ್ಲಿ ಅದಕ್ಕಂತಲೇ ನಾಲ್ಕನೇ ಕಪಾಟು: 'ನಾನ್-ಫ್ರೀ-ಫರ್ಮ್‌ವೇರ್'. ಬೇಡ ಅನ್ನೋರಿಗೆ ಬಿಡುವ ಆಯ್ಕೆಯೂ ಉಂಟು.

ಸೋತರಾ? ನಾನು ಬಿಕಾಂ ಓದಿದವ, ನನಗೆ ಹಂಗನ್ನಿಸಲ್ಲ. ಸಾಲ ಮಾಡೋದು ತಪ್ಪಲ್ಲ, ಸಾಲವನ್ನು ಆದಾಯದ ಖಾತೆಗೆ ಬರೆಯೋದು ತಪ್ಪು. ಡೆಬಿಯನ್ ಸೀಲ್ ಪ್ಯಾಕೆಟ್ ತಗೊಂಡ್ರೂ ಬೇರೆ ಖಾತೆಯಲ್ಲೇ ಬರೆದಿಟ್ಟಿದೆ. ನಿಮ್ಮ ಕೈಯಾಗಿನ ಫೋನನ್ನ ಒಮ್ಮೆ ನೋಡ್ರಿ. ಅದರೊಳಗೂ ಲಿನಕ್ಸ್ ಕರ್ನಲ್ ಐತಿ, ಆಂಡ್ರಾಯ್ಡ್ ಆಗಿದ್ರೆ. ಅದರ ಸುತ್ತ ಎಷ್ಟು ಸೀಲ್ ಪ್ಯಾಕೆಟ್ ಅವ ಅಂತ ಲೆಕ್ಕ ಬರೆದಿಟ್ಟು ನಿಮಗೆ ತೋರಿಸಿದವರು ಯಾರಾದ್ರೂ ಇದಾರಾ?

ಮುಂದಿನ ಕಂತಿನಾಗ ಸಿಗೋಣ.